ಆರೋಗ್ಯ ವಿಮೆಗೆ ಇಬ್ಬರು ಕಾವಲುಗಾರರು

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಗೋವಿನಜೋಳ, ಹತ್ತಿ ಬೆಳೆದು ಬದುಕುವ ಒಂದು ಬಡ ಕುಟುಂಬದ ಹಿರಿಯರಿಗೆ ಹೃದ್ರೋಗ ತಗಲಿತೆಂದು ಭಾವಿಸೋಣ. ಶಸ್ತ್ರಚಿಕಿತ್ಸೆಗೆ ಬೇಕಾಗುವ ಹಣವು ಆ ಮನೆಯ ಹಲವು ವರುಷಗಳ ಉಳಿತಾಯವನ್ನೂ ಮೀರಬಹುದು. ಇಂಥ ಸಂದರ್ಭದಲ್ಲಿ ಆಸ್ಪತ್ರೆಯ ವೆಚ್ಚವನ್ನು ಸರಕಾರವೇ ತೆರುವ ಏರ್ಪಾಡು ಇಂದು ಇದೆ. ಆದರೆ ಆ ಹಣವು ಒಂದು ಸರಕಾರದ್ದಲ್ಲ. ಕೇಂದ್ರ, ರಾಜ್ಯಗಳೆರಡೂ ಕೂಡಿ ಕೊಡುವಂಥದು. ಹಾಗಾದರೆ ಅದನ್ನು ಕಾಯುವವರಾರು? ಕಾವಲುಗಾರರು ಇಬ್ಬರಾದರೆ ಕಾವಲು ಇಮ್ಮಡಿಯಾಗುವುದೆ?

ಇಂಥ ಯೋಜನೆಯಿಂದ ನಿಜವಾಗಿ ಪ್ರಾಣ ಉಳಿಯುವುದೇ ಎಂಬುದನ್ನು ಮೊದಲು ನೋಡೋಣ. ಇದನ್ನು ಪರೀಕ್ಷಿಸುವ ಅಪೂರ್ವ ಸಂದರ್ಭವೊಂದು ನಮ್ಮ ರಾಜ್ಯದಲ್ಲಿಯೇ ಒದಗಿತು. 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊದಲು ಕಲಬುರ್ಗಿ ವಿಭಾಗಕ್ಕೆ, ಅನಂತರ ಹಾವೇರಿಯನ್ನೊಳಗೊಂಡ ಬೆಳಗಾವಿ ವಿಭಾಗಕ್ಕೆ ಬಂದಿತು. ದಕ್ಷಿಣದ ವಿಭಾಗಗಳಿಗೆ ವಿಸ್ತರಿಸಲು 2012ರವರೆಗೆ ಕಾಲ ಹಿಡಿಯಿತು. ಹಿರೇಕೆರೂರು ತಾಲೂಕಿನ ದಕ್ಷಿಣದ ಗಡಿ ದಾಟಿದರೆ ಶಿವಮೊಗ್ಗ ಜಿಲ್ಲೆ; ಅದು ಬೆಂಗಳೂರು ವಿಭಾಗಕ್ಕೆ ಸೇರಿದುದು. ಗಡಿಯ ಎರಡೂ ಕಡೆ ಅದೇ ಮಣ್ಣು, ಅದೇ ಮಳೆ, ಅದೇ ಬಡತನ. ಆದರೆ ಒಂದು ಕಡೆ ಯೋಜನೆಯುಂಟು, ಇನ್ನೊಂದು ಕಡೆ ಇಲ್ಲ. ಪ್ರಯೋಗಶಾಲೆಯಲ್ಲಿ ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸುವ ಕ್ರಮವನ್ನು ಇದು ಹೋಲುತ್ತದೆ. ರಾಜ್ಯದ ಉತ್ತರ ಮತ್ತು ದಕ್ಷಿಣ ಭಾಗಗಳ ನಡುವಣ ಇಂಥ ಗಡಿಯ ಹಳ್ಳಿಗಳನ್ನು ನೀರಜ್ ಸೂದ್ ಮತ್ತು ಅವರ ಸಂಗಡಿಗರು ಸಮೀಕ್ಷಿಸಿ, ಫಲಿತಾಂಶವನ್ನು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ಬೇನೆಗಳಿಂದ, ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರುಗಳಿಂದ, ಬಡ ಕುಟುಂಬಗಳಲ್ಲಿ ಸಂಭವಿಸಿದ ಮರಣದ ಪ್ರಮಾಣವು ಯೋಜನೆಯಿಲ್ಲದ ಕಡೆ ಶೇಕಡಾ 0.90, ಇದ್ದ ಕಡೆ ಶೇಕಡಾ 0.32. ಯೋಜನೆಗೆ ಅರ್ಹರಲ್ಲದ, ಬಡತನದ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಎರಡೂ ಕಡೆ ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲ. ಆದುದರಿಂದ ಇಲ್ಲಿ ಹಣದ ಕಾವಲೆಂದರೆ ಪ್ರಾಣದ ಕಾವಲೆಂದೇ ತಿಳಿಯಬೇಕು.

ಇನ್ನು, ಸರಕಾರಗಳು ಎರಡೇಕೆ? ಇದಕ್ಕೆ ಉತ್ತರ ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ಪಟ್ಟಿಗೆ ಸೇರಿವೆ. ವಿಮೆಯು ಕೇಂದ್ರದ ಪಟ್ಟಿಗೆ ಸೇರಿದೆ. ಸಾಮಾಜಿಕ ಭದ್ರತೆ ಮತ್ತು ಸಾಮಾಜಿಕ ವಿಮೆಗಳು ಇಬ್ಬರಿಗೂ ಸಮಾನವಾದ ಪಟ್ಟಿಯಲ್ಲಿವೆ. ಬಡವರ ಆರೋಗ್ಯ ವಿಮೆಯು ಈ ಮೂರನ್ನೂ ಮುಟ್ಟುತ್ತದೆಯಾದುದರಿಂದ ಯಾರೊಬ್ಬರೂ ಅದನ್ನು ಪೂರ್ಣವಾಗಿ ತಮ್ಮದೆನ್ನುವಂತಿಲ್ಲ.

2018ರ ಮಾರ್ಚಿಯಲ್ಲಿ ರಾಜ್ಯವು ‘ಆರೋಗ್ಯ ಕರ್ನಾಟಕ’ವನ್ನು ಆರಂಭಿಸಿತು. ಅದೇ ವರುಷ ಸೆಪ್ಟೆಂಬರಿನಲ್ಲಿ ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು ಜಾರಿಗೆ ಬಂದಿತು. ಅಕ್ಟೋಬರ್ ಕೊನೆಯಲ್ಲಿ ಎರಡನ್ನೂ ಒಂದುಗೂಡಿಸಲಾಯಿತು. ಅರ್ಹ ಬಡ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಗುರುತಿಸಲಾದ ಕುಟುಂಬಗಳ ವೆಚ್ಚವನ್ನು ಕೇಂದ್ರ, ರಾಜ್ಯಗಳು 60ಕ್ಕೆ 40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಉಳಿದ ಕುಟುಂಬಗಳ ಭಾರ ರಾಜ್ಯದ್ದು. ಇಲ್ಲಿ ನಡುವೆ ವಿಮಾ ಕಂಪನಿಯಿಲ್ಲ. ರಾಜ್ಯದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳನ್ನು ಆರಿಸುತ್ತದೆ, ಚಿಕಿತ್ಸೆಗೆ ಮುಂಗಡ ಒಪ್ಪಿಗೆ ಕೊಡುತ್ತದೆ, ಅನಂತರ ದಾಖಲೆಗಳನ್ನು ನೋಡಿ ಹಣ ಸಲ್ಲಿಸುತ್ತದೆ. ಇದು ಮೊದಲನೆಯ ಕಾವಲು. ದೆಹಲಿಯ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು ನಿಯಮಗಳನ್ನು ರೂಪಿಸುತ್ತದೆ. ದೇಶದೆಲ್ಲೆಡೆಯಿಂದ ಬರುವ ಬಿಲ್ಲುಗಳ ಅಂಕಿಗಳನ್ನು ಹೋಲಿಸಿ ಸಂಶಯಾಸ್ಪದವಾದುವನ್ನು ಹುಡುಕುತ್ತದೆ. ಇದು ಎರಡನೆಯ ಕಾವಲು.

ಇಬ್ಬರ ಕಾವಲಿನ ಫಲವನ್ನು ಒಂದು ಸುಲಭ ಲೆಕ್ಕದಿಂದ ತಿಳಿಯಬಹುದು. ಅಂಕಿಗಳು ಕಲ್ಪಿತವೆಂಬುದನ್ನು ನೆನಪಿಡಿ. ಸುಳ್ಳು ಬಿಲ್ಲುಗಳು 1,000 ಬಂದುವೆನ್ನೋಣ. ಮೊದಲನೆಯ ಕಾವಲುಗಾರನು ಹತ್ತರಲ್ಲಿ ಒಂದನ್ನು ಕಾಣದೆ ಬಿಟ್ಟರೆ 100 ನುಸುಳುತ್ತವೆ. ಎರಡನೆಯವನೂ ಅದೇ ಪ್ರಮಾಣದಲ್ಲಿ ತಪ್ಪಿದರೆ ಕೊನೆಗೆ ಉಳಿಯುವುವು 10 ಮಾತ್ರ. ಆದರೆ ಎರಡನೆಯವನು ತನ್ನ ಕಣ್ಣಿನಿಂದ ನೋಡದೆ ಮೊದಲನೆಯವನ ಪುಸ್ತಕವನ್ನೇ ಓದಿ ರುಜು ಹಾಕಿದರೆ ಆ 100 ಹಾಗೆಯೇ ಉಳಿಯುತ್ತವೆ. ಎರಡು ಅಳತೆಗಳು ಒಂದಕ್ಕೊಂದು ಸ್ವತಂತ್ರವಾಗಿದ್ದರೆ ಮಾತ್ರ ದೋಷ ಇಳಿಯುತ್ತದೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ನಿಜವಾದ ಬಿಲ್ಲುಗಳು 1,000 ಇದ್ದು, ಪ್ರತಿಯೊಬ್ಬ ಕಾವಲುಗಾರನೂ ಹತ್ತರಲ್ಲಿ ಒಂದನ್ನು ತಪ್ಪಾಗಿ ತಿರಸ್ಕರಿಸಿದರೆ ಮೊದಲು 900, ಆಮೇಲೆ 810 ಉಳಿಯುತ್ತವೆ. ನ್ಯಾಯವಾದ 190 ಬಿದ್ದುಹೋಗುತ್ತವೆ. ಜರಡಿಯ ಕಣ್ಣನ್ನು ಕಿರಿದಾಗಿಸಿದಷ್ಟೂ ಕಲ್ಲಿನೊಡನೆ ಕಾಳೂ ಮೇಲೆಯೇ ನಿಲ್ಲುತ್ತದೆ. ಒಪ್ಪಿಗೆ ತಡವಾದರೆ ಅಥವಾ ತಪ್ಪಿದರೆ, ಸವಣೂರಿನಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಬಂದು ಹಾಸಿಗೆಯ ಮೇಲೆ ಮಲಗಿರುವ ರೋಗಿಗೆ ಅದು ಕೇವಲ ಕಾಗದದ ಲೆಕ್ಕವಲ್ಲ.

ಕಾವಲಿನಲ್ಲಿ ಸಂದುಗಳಿದ್ದುವೆಂಬುದನ್ನು ಭಾರತದ ಮಹಾಲೇಖಪಾಲರು 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ತಮ್ಮ ವರದಿಯಲ್ಲಿ ತೋರಿಸಿದರು. ಕೇಂದ್ರ ಯೋಜನೆಯ ದಾಖಲೆಗಳಲ್ಲಿ ದೇಶದ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿಗೆ, ಒಂಬತ್ತನ್ನೇ ಹತ್ತು ಸಲ ಬರೆದ ಒಂದೇ ಮೊಬೈಲ್ ಸಂಖ್ಯೆಯಿತ್ತು. ಹಿಂದಿನ ಚಿಕಿತ್ಸೆಯಲ್ಲಿ ತೀರಿಕೊಂಡರೆಂದು ದಾಖಲಾಗಿದ್ದವರ ಹೆಸರಿನಲ್ಲಿ ಹೊಸ ಚಿಕಿತ್ಸೆಯ ಬಿಲ್ಲುಗಳೂ ಕಂಡುಬಂದುವು. ಅರ್ಹತೆಯನ್ನು ನಿರ್ಣಯಿಸುವುದರಲ್ಲಿ ಮೊಬೈಲ್ ಸಂಖ್ಯೆಗೆ ಪಾತ್ರವಿಲ್ಲವೆಂದು ಸರಕಾರವು ಸಮಾಧಾನ ಹೇಳಿತು. ಅದು ಹಾಗೆಯೇ ಇರಲಿ. ಆದರೆ ಸಂಖ್ಯೆ ಸರಿಯಿಲ್ಲದಿದ್ದರೆ ‘ನಿಮ್ಮ ಹೆಸರಿನಲ್ಲಿ ಇಷ್ಟು ಹಣ ಸಂದಿದೆ’ ಎಂಬ ಸುದ್ದಿ ರೋಗಿಗೆ ತಲುಪುವ ದಾರಿಯೊಂದು ಮುಚ್ಚಿಹೋಗುತ್ತದೆ.

ಅಂದರೆ, ಮೂರನೆಯ ಕಾವಲುಗಾರನೊಬ್ಬನಿದ್ದಾನೆ, ಅವನೇ ರೋಗಿ. ನಡೆದ ಚಿಕಿತ್ಸೆ ಯಾವುದು, ಕೈಯಿಂದ ಹಣ ಕಿತ್ತರೋ ಇಲ್ಲವೋ ಎಂಬುದನ್ನು ಬೆಂಗಳೂರು, ದೆಹಲಿಗಳಿಗಿಂತ ಚೆನ್ನಾಗಿ ಅವನು ಬಲ್ಲನು. ಅವನ ದೂರಿಗಾಗಿ ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಮಟ್ಟಗಳ ಅಹವಾಲು ಸಮಿತಿಗಳನ್ನೂ 14555 ಎಂಬ ದೂರವಾಣಿಯನ್ನೂ ಯೋಜನೆಯಲ್ಲಿ ಏರ್ಪಡಿಸಲಾಗಿದೆ. ಓದುಬರಹ ಬಲ್ಲ ವಿದ್ಯಾರ್ಥಿಗಳು ತಮ್ಮ ಮನೆಯ ಹಾಗೂ ಓಣಿಯ ಹಿರಿಯರ ಕಾರ್ಡಿನಲ್ಲಿ ಹೆಸರು, ವಯಸ್ಸು, ಮೊಬೈಲ್ ಸಂಖ್ಯೆಗಳು ಸರಿಯಾಗಿವೆಯೇ ಎಂದು ಒಮ್ಮೆ ನೋಡಿಕೊಟ್ಟರೆ, ಎರಡು ಸರಕಾರಗಳ ಕಣ್ಣಿಗೆ ಬೀಳದುದು ಅವರ ಕಣ್ಣಿಗೆ ಬೀಳಬಹುದು.