ಉರಿಮೂತ್ರಕ್ಕೆ ಉಷ್ಣ ಕಾರಣವಲ್ಲ, ಶೌಚಾಲಯ ಇಲ್ಲದಿರುವುದೂ ಕಾರಣ
ಉರಿಮೂತ್ರ ಅಂದ್ರೆ ‘ಉಷ್ಣ ಜಾಸ್ತಿಯಾಗಿದೆ’ ಅಂತೀವಿ. ಹೆಚ್ಚಿನ ಸಲ ಅದು ನಮ್ಮ ಕರುಳಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯಾದ ಸೋಂಕು. ಅದರ ಮೈಮೇಲಿನ ಎಳೆಗಳ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್ ಇದೆ. ಅದು ಮೂತ್ರಕೋಶದ ಒಳಗೋಡೆಯಲ್ಲಿರುವ ಮ್ಯಾನೋಸ್ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಎಂಜಿನಿಯರಿಂಗ್ ಓದಿದ ನನ್ನನ್ನು ಬೆರಗಾಗಿಸಿದ ಸಂಗತಿ: ಹರಿವು ಜೋರಾಗಿ ಎಳೆದಾಗ ಆ ಹಿಡಿತ ಸಡಿಲವಾಗಲ್ಲ, ಇನ್ನೂ ಬಿಗಿಯಾಗುತ್ತದೆ! ಆಮೇಲೆ ಜೀವಕೋಶದೊಳಗೂ ನುಗ್ಗಿ ಅಡಗಿಕೊಳ್ಳುತ್ತದೆ. ಹಾಗಾಗಿ ಅಂಟುವ ಮೊದಲೇ ಅದು ಕೊಚ್ಚಿಹೋಗಬೇಕು. ಅದಕ್ಕೇ ನೀರು ಕುಡಿಯಬೇಕು, ಮೂತ್ರ ತಡೆಯಬಾರದು. ಹೆಣ್ಣುಮಕ್ಕಳ ಮೂತ್ರನಾಳದ ಉದ್ದ ಸುಮಾರು 4 ಸೆಂ.ಮೀ. ಅಷ್ಟೇ, ಬ್ಯಾಕ್ಟೀರಿಯಾಗೆ ದಾರಿ ಹತ್ತಿರ. ಆದರೆ ಶೌಚಾಲಯ ಸಿಗದ ಎಷ್ಟೋ ಪೌರಕಾರ್ಮಿಕ ಮಹಿಳೆಯರು ಕೆಲಸದ ಹೊತ್ತಲ್ಲಿ ನೀರನ್ನೇ ಮುಟ್ಟಲ್ಲ. ಅವರಿಗೆ ‘ನೀರು ಕುಡೀರಿ’ ಅನ್ನುವ ಮೊದಲು ಶೌಚಾಲಯ ಕೊಡಿ.