ಯೂನಿಕ್ಸಿನಲ್ಲಿ ಕೀ ಸಂಖ್ಯೆಯ ಆಯ್ಕೆ

ಯೂನಿಕ್ಸ್ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ ಏಕಕಾಲಕ್ಕೆ ಅನೇಕ ಪ್ರೋಗ್ರಾಮುಗಳು ನಡೆಯುತ್ತಿರುವುವು. ಒಂದರ ಮೆಮೊರಿಯನ್ನು ಮತ್ತೊಂದು ಮುಟ್ಟದಂತೆ ವ್ಯವಸ್ಥೆಯೇ ನಡುವೆ ಗೋಡೆಯನ್ನಿಟ್ಟಿರುವುದು. ಆದರೂ ಜೊತೆಗೂಡಿ ಕೆಲಸಮಾಡುವ ಪ್ರೋಗ್ರಾಮುಗಳು ಒಂದಕ್ಕೊಂದು ವರ್ತಮಾನವನ್ನು ತಿಳಿಸಲೇಬೇಕಷ್ಟೆ. ಅದಕ್ಕಾಗಿ 1983ರಲ್ಲಿ ಹೊರಬಂದ ಸಿಸ್ಟಮ್ ಫೈವ್ ಯೂನಿಕ್ಸಿನಲ್ಲಿ ಸಂದೇಶಗಳ ಸರದಿ, ಸೆಮಫೋರ್, ಹಂಚಿಕೆಯ ಮೆಮೊರಿ ಎಂಬ ಮೂರು ಸಾಧನಗಳುಂಟು. ಇಂಥ ಸಾಧನವನ್ನು ಹುಡುಕಿಕೊಳ್ಳುವುದಕ್ಕೆ ಬೇಕಾದ ಸಂಖ್ಯೆಯೇ ಕೀ.

ಹೆಸರನ್ನು ಕೇಳಿ ಬೀಗವನ್ನು ನೆನೆಯಬಾರದು. ಇದು ಮನೆಯ ಬಾಗಿಲ ಮೇಲೆ ಬರೆದಿರುವ ಸಂಖ್ಯೆಯಂತಿರುವುದು; ಒಳಗೆ ಯಾರು ಬರಬಹುದೆಂಬುದನ್ನು ನಿರ್ಣಯಿಸುವುದು ಅನುಮತಿಯ ಅಂಕಿಗಳು.

ಬಾಯಿಗೆ ಬಂದಂತೆ 1234 ಎಂದು ಬರೆದುಬಿಡುವ ಅಭ್ಯಾಸವನ್ನು ನಾವು ಎಳೆಯರಲ್ಲಿ ಬಹಳವಾಗಿ ಕಾಣುತ್ತೇವೆ. ಪರೀಕ್ಷೆಯ ಅಂಕಗಳನ್ನಿಡುವ ಪ್ರೋಗ್ರಾಮೊಂದೂ ಶಾಲಾಶುಲ್ಕದ ಲೆಕ್ಕವನ್ನಿಡುವ ಪ್ರೋಗ್ರಾಮೊಂದೂ ಒಬ್ಬರ ಹೆಸರಿನಲ್ಲಿಯೇ ನಡೆಯುತ್ತಾ ಎರಡೂ ಇದೇ ಸಂಖ್ಯೆಯನ್ನು ಹಿಡಿದವೆನ್ನೋಣ. ಆಗ ಯಂತ್ರವು ತುಟಿಪಿಟಕ್ಕೆನ್ನದೆ ಹುಡುಗಿಯೊಬ್ಬಳ ಗಣಿತದ ಅಂಕಗಳ ಸ್ಥಳದಲ್ಲಿ ರೂಪಾಯಿಗಳನ್ನು ಬರೆದಿಡಬಹುದು. ತಪ್ಪೆಂದು ಕೂಗಿ ಹೇಳುವ ದೋಷಕ್ಕಿಂತ ಇಂಥ ಮೌನದ ದೋಷವು ಕೆಟ್ಟದ್ದು.

ಇದನ್ನು ತಪ್ಪಿಸುವುದಕ್ಕೆ ಎಫ್‌ಟೋಕ್ ಎಂಬ ಫಂಕ್ಷನ್ ಉಂಟು. ಅದಕ್ಕೆ ಇರುವ ಫೈಲೊಂದರ ದಾರಿಯನ್ನೂ ಸೊನ್ನೆಯಲ್ಲದ ಚಿಕ್ಕ ಸಂಖ್ಯೆಯೊಂದನ್ನೂ ಕೊಡತಕ್ಕದ್ದು. ಲಿನಕ್ಸಿನಲ್ಲಿ ಅದು ಫೈಲಿನ ಐನೋಡ್ ಸಂಖ್ಯೆಯ ಕಡೆಯ 16 ಬಿಟ್‌ಗಳನ್ನೂ, ಡಿಸ್ಕಿನ ಸಂಖ್ಯೆಯ ಕಡೆಯ 8 ಬಿಟ್‌ಗಳನ್ನೂ, ನಾವು ಕೊಟ್ಟ ಸಂಖ್ಯೆಯ 8 ಬಿಟ್‌ಗಳನ್ನೂ ಜೋಡಿಸಿ 32 ಬಿಟ್‌ಗಳ ಕೀಯನ್ನು ಮಾಡುವುದು. ಹೀಗೆ ಮಾಡುವಾಗ ಐನೋಡಿನ ಮೇಲಣ ಭಾಗವು ಬಿಟ್ಟುಹೋಗುವುದು. ಆದಕಾರಣ ಒಂದೇ ಡಿಸ್ಕಿನಲ್ಲಿ ಐನೋಡ್ ಸಂಖ್ಯೆಗಳು ಸರಿಯಾಗಿ 65,536ರಷ್ಟು ಅಂತರವುಳ್ಳ ಎರಡು ಫೈಲುಗಳಿಗೆ ಒಂದೇ ಕೀ ದೊರೆಯುವುದು! ಎಫ್‌ಟೋಕ್ ಇರುವಾಗ ಚಿಂತೆಯೇಕೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿನೋಡಲಿ. ಅಲ್ಲದೆ ಆ ಫೈಲನ್ನು ಅಳಿಸಿ ಅದೇ ಹೆಸರಿನಿಂದ ಮರಳಿ ಮಾಡಿದರೆ ಐನೋಡ್ ಬದಲಾಗಬಹುದು. ಆಗ ಜೊತೆಗಾರರಿಬ್ಬರೂ ಬೇರೆಬೇರೆ ಬಾಗಿಲುಗಳಲ್ಲಿ ಒಬ್ಬರನ್ನೊಬ್ಬರು ಕಾಯುತ್ತಾ ನಿಲ್ಲುವರು. ಯಾರೂ ಅಳಿಸದಂಥ, ಪ್ರೋಗ್ರಾಮಿನ ಸ್ವಂತ ಫೈಲನ್ನೇ ಆರಿಸುವುದು ಲೇಸು.

ತಾಯಿ ಪ್ರೋಗ್ರಾಮೂ ಅದರಿಂದ ಹುಟ್ಟಿದ ಮಗು ಪ್ರೋಗ್ರಾಮೂ ಮಾತ್ರ ಮಾತನಾಡುವುದಾದರೆ ಕೀಯನ್ನು ಹುಡುಕಬೇಕಾಗಿಯೇ ಇಲ್ಲ; ಐಪಿಸಿ_ಪ್ರೈವೇಟ್ ಎಂದರೆ ಸಾಕು, ಪ್ರತಿಸಾರಿಯೂ ಹೊಸ ಸಾಧನವು ದೊರೆಯುವುದು.

ಉಳಿದೆಡೆಗಳಲ್ಲಿ, ಸಾಧನವನ್ನು ಮೊದಲು ನಿರ್ಮಿಸುವ ಪ್ರೋಗ್ರಾಮು ಐಪಿಸಿ_ಕ್ರಿಯೇಟ್ ಎಂಬುದರೊಡನೆ ಐಪಿಸಿ_ಎಕ್ಸ್‌ಕ್ಲ್ ಎಂಬುದನ್ನೂ ಸೇರಿಸತಕ್ಕದ್ದು. ಮೊದಲನೆಯದರ ಅಕ್ಷರಗಳಲ್ಲಿ ಕೊನೆಯ 'ಇ'ಯನ್ನು ಬರೆಯುವುದಿಲ್ಲವೆಂಬುದನ್ನು ಮರೆಯಬಾರದು. ಆ ಕೀ ಆಗಲೇ ಬಳಕೆಯಲ್ಲಿದ್ದರೆ ವ್ಯವಸ್ಥೆಯು ನಿರಾಕರಿಸುವುದು. ನಿರಾಕರಣೆ ಬಂದಾಗ ಐಪಿಸಿಎಸ್ ಎಂಬ ಆಜ್ಞೆಯಿಂದ ಒಡೆಯನಾರೆಂದು ನೋಡಬೇಕು. ನಮ್ಮದೇ ಹಳೆಯ ಓಟದಲ್ಲಿ ಉಳಿದದ್ದಾದರೆ ಮಾತ್ರ ಐಪಿಸಿಆರ್‌ಎಮ್ ಆಜ್ಞೆಯಿಂದ ತೆಗೆಯಬೇಕು.