ಕೈಗೂ ಕಿವಿಗೂ ಸಿಗುವ ಶಿಲ್ಪ

ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಕ್ರಿ.ಶ. 950ರ ಆಸುಪಾಸಿನಲ್ಲಿ ಒಂದು ನಾಯಿಗೆ ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಮೇಲೆ, ಗಂಗ ಬೂತುಗನ ಕಡೆಯ ಮಣಲೇರನೆಂಬ ವೀರ ಮೆಚ್ಚುಗೆಯಾಗಿ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅವೆರಡೂ ಸೆಣಸುವ ಉಬ್ಬುಚಿತ್ರವನ್ನು ಕಲ್ಲಿನಲ್ಲಿ ಕೆತ್ತಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆ ಕಲ್ಲಿನ ಶಾಸನ ಓದಲು ಕಣ್ಣೂ ಬೇಕು, ಹಳಗನ್ನಡವೂ ಬರಬೇಕು. ಹಂದಿಯ ಮೇಲೆ ಎರಗಿದ ನಾಯಿಯನ್ನು ಅರಿಯಲು ಬೆರಳು ಸಾಕು. ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಮುಂದೆ ಎಲ್ಲರ ಕೈಗೆಟುಕುವಂತೆ ನಿಂತ ವೀರಗಲ್ಲು, ಮಾಸ್ತಿಕಲ್ಲುಗಳೇ ಈ ಸೀಮೆಯ ಮೊದಲ ಸಾರ್ವಜನಿಕ ಕಲೆ ಎನ್ನಬಹುದು. ಟಿಕೆಟ್ ಇಲ್ಲ, ಗಾಜಿನ ಪೆಟ್ಟಿಗೆ ಇಲ್ಲ.

ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯ ಇದೇ ಗುಣವನ್ನು ದೊಡ್ಡ ಅಳತೆಯಲ್ಲಿ ತೋರುತ್ತದೆ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ ಗುಡಿ. ಮಳವಳ್ಳಿಯಿಂದ ಬನ್ನೂರಿನ ಹಾದಿ ಹಿಡಿದರೆ ಸಿಗುವ ಸೋಮನಾಥಪುರದ ಕೇಶವ ದೇವಾಲಯ ಮೈಸೂರು ಜಿಲ್ಲೆಗೆ ಸೇರಿದ್ದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಏರಿತು. ಅಲ್ಲಿ ನಕ್ಷತ್ರಾಕಾರದ ಜಗತಿಯ ಮೇಲೆ ಪ್ರದಕ್ಷಿಣೆ ಬರುವವರ ಪಕ್ಕದಲ್ಲೇ ಶಿಲ್ಪದ ಪಟ್ಟಿಕೆಗಳು ಸಾಗುತ್ತವೆ: ತಳದಲ್ಲಿ ಆನೆಯ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಗೋಡೆ ಮಡಚಿಕೊಳ್ಳುತ್ತಾ ಹೋಗುವುದರಿಂದ ಎಲ್ಲಿ ತಿರುಗಿದೆವೆಂದು ಪಾದಕ್ಕೇ ತಿಳಿಯುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಸರದ ಮಣಿಯನ್ನೂ ಆನೆಯ ಗೆಜ್ಜೆಯನ್ನೂ ಬಿಡಿಬಿಡಿಯಾಗಿ ಕಡೆಯಲು ರೂವಾರಿಗಳಿಗೆ ಸಾಧ್ಯವಾದದ್ದು ಇದರಿಂದ.

ಆದರೆ ಎಲ್ಲರೂ ಮುಟ್ಟಿದರೆ ಕಲ್ಲು ಉಳಿಯುವುದಿಲ್ಲ. ಕೈಯ ಬೆವರು, ಎಣ್ಣೆಯ ಜಿಡ್ಡು ಶಿಲ್ಪವನ್ನು ಸವೆಸುತ್ತವೆ. 'ಮುಟ್ಟಬೇಡಿ' ಎನ್ನುವವರದು ತಪ್ಪಲ್ಲ. ತಪ್ಪು ಅಲ್ಲಿಗೇ ನಿಲ್ಲುವುದರಲ್ಲಿದೆ. ಪಕ್ಕದಲ್ಲೇ ಅದೇ ಅಳತೆಯ ಒಂದು ಗಜ ಪಟ್ಟಿಕೆ, ಗುಡಿಯ ತಳವಿನ್ಯಾಸದ ಒಂದು ಪುಟ್ಟ ಮಾದರಿ, ಕನ್ನಡ ಬ್ರೈಲ್ ಫಲಕ ಇಟ್ಟರೆ ಮೂಲವೂ ಉಳಿಯುತ್ತದೆ, ನೋಟವಿಲ್ಲದವರೂ ಬರಿಗೈಲಿ ಮರಳುವುದಿಲ್ಲ. ಶ್ರೀರಂಗಪಟ್ಟಣದ ಅರಮನೆ ದರಿಯಾ ದೌಲತ್‌ನ ಗೋಡೆಗೆ ಇದು ಇನ್ನೂ ಅಗತ್ಯ. 1780ರ ಪೊಳ್ಳಿಲೂರು ಯುದ್ಧದ ಅಷ್ಟು ದೊಡ್ಡ ಚಿತ್ರ, ಬೆರಳಿಗೆ ಬರೀ ಸಪಾಟು ಗೋಡೆ.

ಇದು ಆಗದ ಮಾತೇನಲ್ಲ. ಇಟಲಿಯ ಅಂಕೋನಾದಲ್ಲಿ ಮುಟ್ಟಿ ನೋಡುವುದಕ್ಕೆಂದೇ ಓಮೆರೊ ಎಂಬ ಸಂಗ್ರಹಾಲಯ 1993ರಿಂದ ಇದೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರಲ್ಲಿ 'ಅನುಭವ್' ಎಂಬ ಸ್ಪರ್ಶ ಗ್ಯಾಲರಿ ತೆರೆಯಿತು. 2023ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ಮ್ಯಾಪ್ ಕಲಾ ಸಂಗ್ರಹಾಲಯದಲ್ಲಿಯೂ ಚಿತ್ರಗಳ ಸ್ಪರ್ಶರೂಪಗಳಿವೆ. ಬಯಲಿನ ಕಲೆಗೆ ಒಳ್ಳೆಯ ಉದಾಹರಣೆ ಬೇಕಿದ್ದರೆ ಕ್ರೊಯೇಷಿಯಾದ ಝದರ್ ಪಟ್ಟಣ. ವಾಸ್ತುಶಿಲ್ಪಿ ನಿಕೊಲಾ ಬಾಶಿಚ್ 2005ರಲ್ಲಿ ಕಡಲ ದಂಡೆಯ ಸುಮಾರು 70 ಮೀಟರ್ ಮೆಟ್ಟಿಲುಗಳ ಅಡಿ 35 ಕೊಳವೆ ಹುದುಗಿಸಿದರು. ಅಲೆ ನುಗ್ಗಿದಾಗ ಗಾಳಿ ಒತ್ತರಿಸಿ ಕೊಳವೆಗಳು ಊದುತ್ತವೆ. ಜನ ಮೆಟ್ಟಿಲ ಮೇಲೆ ಕೂತು ಕೇಳುತ್ತಾರೆ. ಕಾವೇರಿ, ಶಿಂಷಾ, ವಿಶ್ವೇಶ್ವರಯ್ಯ ನಾಲೆಗಳಿರುವ ಮಂಡ್ಯ ಜಿಲ್ಲೆಯಲ್ಲಿ ಇಂಥದ್ದು ಯಾರಿಗೂ ಯಾಕೆ ಹೊಳೆದಿಲ್ಲವೋ.

ಕಿವಿಯ ಕಲೆಯಲ್ಲಂತೂ ಮಂಡ್ಯ ಬಡವಾಗಿಲ್ಲ. ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದು. ತಂಬೂರಿ, ಗಗ್ಗರ ಹಿಡಿದ ನೀಲಗಾರರು ರಾತ್ರಿಯಿಡೀ ಆತನ ಕಥೆ ಹಾಡುವಾಗ ಕಣ್ಣು ಕಾಣದವನಿಗೆ ಏನೂ ಕಡಿಮೆಯಾಗುವುದಿಲ್ಲ. ಪೂಜಾ ಕುಣಿತದಲ್ಲಿ ತಲೆಯ ಮೇಲೆ ಹೊತ್ತ ಬಿದಿರಿನ ದೊಡ್ಡ ಚೌಕಟ್ಟು ಕಣ್ಣಿಗಾದರೆ, ತಮಟೆಯ ಏಟು ಎದೆಗೂಡಿಗೆ. ಕಿವಿ ಕೇಳದವರಿಗೂ ಆ ಅದುರು ಮುಟ್ಟುತ್ತದೆ.

ಅದೇ ತಮಟೆ ಆಟಿಸಂ ಇರುವ ಮಗುವಿಗೆ ಹಿಂಸೆಯಾಗಬಹುದು. ಇಂದ್ರಿಯಗಳ ಅಗತ್ಯವೆಂದರೆ ಕೊರತೆ ತುಂಬುವುದು ಮಾತ್ರ ಎಂದುಕೊಂಡವರು ಎಡವುವುದು ಇಲ್ಲೇ. ಕೆಲವರಿಗೆ ಬೇಕಾಗಿರುವುದು ಕಡಿಮೆ ಸದ್ದು, ಕಡಿಮೆ ಬೆಳಕು. ಕೆಆರ್‌ಎಸ್‌ನ ಸಂಗೀತ ಕಾರಂಜಿ ಕಾಣದವರಿಗೆ ಹಾಡು ಕೊಡುತ್ತದೆ, ಕೇಳದವರಿಗೆ ಬಣ್ಣದ ನೀರು ಕೊಡುತ್ತದೆ. ಆದರೆ ಸದ್ದು, ಜಂಗುಳಿ ತಡೆಯದ ಮಗುವಿಗೆ ದೂರದಲ್ಲಿ ಕೂತು ನೋಡುವ ಒಂದು ಶಾಂತ ಮೂಲೆಯೂ ಬೇಕು. ಗಗನಚುಕ್ಕಿಯ ಜಲಪಾತೋತ್ಸವದಂಥ ದೀಪವೈಭವಕ್ಕೂ ಇದೇ ಮಾತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿಣುಕುವ ಬೆಳಕು ಕೆಲವರಲ್ಲಿ ಮೂರ್ಛೆ ತರಿಸಬಲ್ಲದು. ಮಿಣುಕುವ ದೀಪ ಎಷ್ಟು ಹೊತ್ತಿಗೆ, ದೊಡ್ಡ ಸದ್ದು ಯಾವಾಗ ಎಂದು ಮೊದಲೇ ಫಲಕದಲ್ಲಿ ಬರೆದರೆ ಖರ್ಚೇನೂ ಇಲ್ಲ.

ಕಲೆ ಎಲ್ಲರಿಗೂ ಸಿಗಬೇಕೆಂದು ಕಾನೂನೂ ಹೇಳುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿದ ವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿ ಆಟಿಸಂ ಅನ್ನೂ ಸೇರಿಸಿತು. ಅದರ 29ನೇ ಸೆಕ್ಷನ್ ಕಲೆಯನ್ನು ಅಂಗವಿಕಲರಿಗೆ ಎಟುಕುವಂತೆ ಮಾಡುವುದನ್ನು ಸರ್ಕಾರಗಳ ಹೊಣೆ ಎನ್ನುತ್ತದೆ. ಈ ಸೆಕ್ಷನ್‌ಗೆ ರ‍್ಯಾಂಪ್‌ನಷ್ಟು ಪ್ರಚಾರ ಸಿಕ್ಕಿಲ್ಲ.

ಶುರು ಮಾಡಲು ಶಿವಪುರಕ್ಕಿಂತ ಒಳ್ಳೆಯ ಜಾಗ ಸಿಗಲಾರದು. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಊರಿದು. ಮದ್ದೂರಿನ ಹೆದ್ದಾರಿಯಂಚಿನಲ್ಲೇ ಅದರ ನೆನಪಿನ ಸತ್ಯಾಗ್ರಹ ಸೌಧವಿದೆ. ಅಂದು ಸೇರಿದ ಜನಸಮೂಹವನ್ನು ಕೈಯಾಡಿಸಿ ತಿಳಿಯುವ ಉಬ್ಬುಗೋಡೆಯೊಂದು ಅಲ್ಲಿ ಎದ್ದರೆ ಶಾಲಾ ಪ್ರವಾಸದ ಮಕ್ಕಳೆಲ್ಲ ಅದನ್ನು ತಡವದೆ ಹೋಗರು. ನಿಮ್ಮೂರಿನ ವೃತ್ತದಲ್ಲೋ ಉದ್ಯಾನದಲ್ಲೋ ಮುಂದಿನ ಪ್ರತಿಮೆಯ ನಕ್ಷೆ ಪುರಸಭೆಯ ಮೇಜಿಗೆ ಬಂದಾಗ, ಟೆಂಡರ್ ಕರೆಯುವ ಮೊದಲೇ ಊರಿನ ಅಂಗವಿಕಲರನ್ನು ಕರೆದು ಕೇಳಿದ್ದೀರಾ ಎಂದು ವಿಚಾರಿಸಿ. ಉತ್ತರ ಬರದಿದ್ದರೆ 29ನೇ ಸೆಕ್ಷನ್ ನಮೂದಿಸಿ ಅರ್ಜಿ ಕೊಡಿ.